ಕಟವಾಯಿಯ ಹುಣ್ಣು: ಕಾರಣ, ಚಿಕಿತ್ಸೆ ಮತ್ತು ಗ್ರಾಮ ಪಂಚಾಯತಿಯ ಪಾತ್ರ



ಶಾಲೆಯ ಬಿಸಿಯೂಟದ ವೇಳೆಗೆ ಭೇಟಿ ನೀಡುವ ಸದಸ್ಯರು ಅನ್ನ, ಸಾಂಬಾರಿನ ರುಚಿ ನೋಡುವುದು ವಾಡಿಕೆ. ಮುಂದಿನ ಭೇಟಿಯಲ್ಲಿ ಮಕ್ಕಳ ತುಟಿಗಳೆರಡೂ ಕೂಡುವ ಮೂಲೆಯನ್ನು, ಅಂದರೆ ಕಟವಾಯಿಯನ್ನು, ಒಮ್ಮೆ ಗಮನಿಸಬೇಕೆಂಬುದು ಈ ಲೇಖನದ ವಿನಂತಿ. ಕೆಲವು ಮಕ್ಕಳಲ್ಲಿ ಆ ಜಾಗವು ಕೆಂಪಗಾಗಿ, ಸೀಳಿ, ಹಕ್ಕಳೆ ಕಟ್ಟಿರುತ್ತದೆ. ಖಾರ ತಾಗಿದರೆ ಉರಿಯುತ್ತದೆ. ಬಾಯಿ ಅಗಲಿಸಿದರೆ ರಕ್ತ ಒಸರುತ್ತದೆ. ‘ಮೈಗೆ ಉಷ್ಣವಾಗಿದೆ, ತಾನೇ ಹೋಗುತ್ತದೆ’ ಎಂದು ಮನೆಯವರು ಸುಮ್ಮನಾಗುವುದುಂಟು. ಆದರೆ ಬಾಯಿ ತೆರೆಯಲು ನೋವಾಗುವ ಮಗು ಕಡಿಮೆ ಉಣ್ಣುತ್ತದೆ. ಕಡಿಮೆ ಉಂಡ ಮಗುವಿನಲ್ಲಿ ಪೋಷಕಾಂಶಗಳ ಕೊರತೆ ಹೆಚ್ಚುತ್ತದೆ. ಆ ಕೊರತೆಯು ಹುಣ್ಣನ್ನು ಮಾಯಲು ಬಿಡುವುದಿಲ್ಲ. ಈ ಸುತ್ತನ್ನು ಎಲ್ಲಿ ಕಡಿಯಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹುಣ್ಣು ಉಂಟಾಗುವ ಬಗೆ

ವೈದ್ಯರು ಇದನ್ನು ಆಂಗ್ಯುಲರ್ ಕೀಲೈಟಿಸ್ ಎಂದು ಕರೆಯುತ್ತಾರೆ. ಕಟವಾಯಿಯಲ್ಲಿ ಜೊಲ್ಲು ನಿಂತಾಗ ಅಲ್ಲಿನ ಚರ್ಮವು ನೆನೆದು ಮೆತ್ತಗಾಗುತ್ತದೆ. ಒಣಗಿದಾಗ ಬಿಗಿದು ಸೀಳುತ್ತದೆ. ಉರಿ ತಾಳದೆ ನಾಲಿಗೆಯಿಂದ ಸವರಿದರೆ ಮತ್ತೆ ನೆನೆಯುತ್ತದೆ. ಹೀಗೆ ಸೀಳಿದ ಜಾಗದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವೋ, ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯವೋ, ಕೆಲವೊಮ್ಮೆ ಎರಡೂ ಸೇರಿಯೋ ನೆಲೆಯೂರಿ ಉರಿಯೂತವನ್ನು ಮುಂದುವರಿಸುತ್ತವೆ.

ತುಟಿಯ ಮೇಲೆ ನೀರುಗುಳ್ಳೆಗಳ ಗುಂಪಾಗಿ ಏಳುವ ಹರ್ಪಿಸ್ ಹುಣ್ಣು ಬೇರೆ. ಅದು ವೈರಸ್‌ನಿಂದ ಬರುತ್ತದೆ ಮತ್ತು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಕಟವಾಯಿಯ ಹುಣ್ಣು ಸಾಮಾನ್ಯವಾಗಿ ಹಾಗೆ ಹರಡುವುದಿಲ್ಲ. ಆದುದರಿಂದ ಇಂತಹ ಮಗುವನ್ನು ಊಟದ ಪಂಕ್ತಿಯಲ್ಲಿ ಬೇರೆ ಕೂರಿಸುವುದು ತಪ್ಪು.

ಯಾರಲ್ಲಿ, ಯಾವ ಕಾರಣಕ್ಕೆ?

ಮಕ್ಕಳು ಮತ್ತು ಮಹಿಳೆಯರು: ಕಬ್ಬಿಣಾಂಶ, ರೈಬೋಫ್ಲೇವಿನ್ ಎಂಬ ಬಿ2 ಜೀವಸತ್ವ, ಫೋಲಿಕ್ ಆಮ್ಲ ಮತ್ತು ಬಿ12ರ ಕೊರತೆಗಳು ಮುಖ್ಯ ಕಾರಣಗಳಲ್ಲಿ ಸೇರಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಟವಾಯಿ ಸೀಳಿದವರೆಲ್ಲರೂ ರಕ್ತಹೀನರಲ್ಲ. ಬೆರಳು ಚೀಪುವುದು, ತುಟಿ ನೆಕ್ಕುವುದು, ಚಳಿಗಾಲದ ಒಣಹವೆ ಇವೂ ಕಾರಣವಾಗುತ್ತವೆ. ಆದರೆ ಹುಣ್ಣು ಮರುಕಳಿಸುತ್ತಿದ್ದು, ಜೊತೆಗೆ ನಾಲಿಗೆ ನುಣುಪಾಗಿ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡು, ಬೇಗ ಆಯಾಸವಾಗುತ್ತಿದ್ದರೆ ರಕ್ತಪರೀಕ್ಷೆ ಅಗತ್ಯ.

ಹಿರಿಯರು: ಹಲ್ಲುಗಳು ಬಿದ್ದಾಗ ಮೇಲಿನ ಮತ್ತು ಕೆಳಗಿನ ದವಡೆಗಳ ನಡುವಿನ ಅಂತರ ಕುಗ್ಗುತ್ತದೆ. ಕೆನ್ನೆ ಜೋತು ಕಟವಾಯಿಯಲ್ಲಿ ಮಡಿಕೆ ಬೀಳುತ್ತದೆ. ಜೊಲ್ಲು ಆ ಮಡಿಕೆಯಲ್ಲಿ ಸದಾ ನಿಲ್ಲುತ್ತದೆ. ಸಡಿಲವಾದ ಅಥವಾ ಸವೆದ ಹಲ್ಲಿನ ಸೆಟ್ಟು, ರಾತ್ರಿಯೂ ಸೆಟ್ಟನ್ನು ತೆಗೆಯದೆ ಮಲಗುವ ಅಭ್ಯಾಸ ಇವು ಶಿಲೀಂಧ್ರ ಬೆಳೆಯಲು ಅನುಕೂಲ ಮಾಡಿಕೊಡುತ್ತವೆ.

ನಡುವಯಸ್ಕರು: ಕಟವಾಯಿಯ ಹುಣ್ಣು ಪದೇ ಪದೇ ಕಾಣಿಸಿದರೆ ಸಕ್ಕರೆ ಕಾಯಿಲೆಯನ್ನು ಶಂಕಿಸಬೇಕು. ಇತರ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲೂ ಇದು ಸಾಮಾನ್ಯ.

ಚಿಕಿತ್ಸೆ

ಪೈಪು ಸೋರುವುದನ್ನು ನಿಲ್ಲಿಸದೆ ತೇವ ಹಿಡಿದ ಗೋಡೆಗೆ ಸುಣ್ಣ ಬಳಿದರೆ ತಿಂಗಳೊಳಗೆ ಕಲೆ ಮತ್ತೆ ಮೂಡುತ್ತದೆ. ಇಲ್ಲಿಯೂ ಹಾಗೆಯೇ: ಹುಣ್ಣಿಗೆ ಮುಲಾಮು ಬೇಕು, ಮೂಲಕಾರಣಕ್ಕೂ ಚಿಕಿತ್ಸೆ ಬೇಕು.

ಮನೆಯಲ್ಲಿ ಮಾಡಬೇಕಾದುದು ಸರಳ. ಊಟದ ನಂತರ ಕಟವಾಯಿಯನ್ನು ಶುದ್ಧ ನೀರಿನಿಂದ ತೊಳೆದು, ಮೃದುವಾದ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ನಂತರ ತೆಳುವಾಗಿ ವ್ಯಾಸಲೀನ್ ಹಚ್ಚಿದರೆ ಜೊಲ್ಲು ಚರ್ಮಕ್ಕೆ ತಾಗುವುದಿಲ್ಲ. ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು. ಹಲ್ಲಿನ ಸೆಟ್ಟನ್ನು ಪ್ರತಿ ರಾತ್ರಿ ತೆಗೆದು, ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ಇಡಬೇಕು.

ಒಂದು ವಾರದಲ್ಲಿ ಗುಣ ಕಾಣದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಶಿಲೀಂಧ್ರದ ಸೋಂಕಿಗೆ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಮುಲಾಮನ್ನೂ, ಬ್ಯಾಕ್ಟೀರಿಯಾದ ಸೋಂಕಿಗೆ ಮ್ಯುಪಿರೋಸಿನ್‌ನಂತಹ ಮುಲಾಮನ್ನೂ ವೈದ್ಯರು ಬರೆದುಕೊಡುತ್ತಾರೆ. ಕೊರತೆ ಇದ್ದರೆ ಕಬ್ಬಿಣಾಂಶ ಅಥವಾ ಬಿ ಜೀವಸತ್ವದ ಮಾತ್ರೆಗಳನ್ನು ನೀಡುತ್ತಾರೆ. ಔಷಧದ ಅಂಗಡಿಯಲ್ಲಿ ಕೇಳಿ ತರುವ ಹಲವು ‘ಚರ್ಮದ ಮುಲಾಮು’ಗಳಲ್ಲಿ ತೀವ್ರ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಎರಡು ದಿನ ಉರಿ ತಗ್ಗಿಸಿದರೂ ಮುಖದ ಚರ್ಮವನ್ನು ತೆಳುವಾಗಿಸುತ್ತದೆ, ಶಿಲೀಂಧ್ರವನ್ನು ಬೆಳೆಸುತ್ತದೆ. ವೈದ್ಯರು ಹೇಳದೆ ಅದನ್ನು ಹಚ್ಚಬಾರದು. ಸುಣ್ಣ, ಟೂತ್‌ಪೇಸ್ಟ್ ಹಚ್ಚುವುದರಿಂದ ಚರ್ಮ ಇನ್ನಷ್ಟು ಕೆಡುತ್ತದೆ.

ಆಹಾರದ ವಿಷಯದಲ್ಲಿ ದುಬಾರಿ ಪದಾರ್ಥಗಳ ಅಗತ್ಯವಿಲ್ಲ. ಹಾಲು, ಮೊಸರು, ಮೊಟ್ಟೆಗಳಲ್ಲಿ ಬಿ2 ಮತ್ತು ಬಿ12 ಎರಡೂ ಇವೆ. ನುಗ್ಗೆಸೊಪ್ಪು, ದಂಟಿನಸೊಪ್ಪು, ಮೊಳಕೆ ಕಾಳುಗಳಿಂದ ಇತರ ಪೋಷಕಾಂಶಗಳು ದೊರೆಯುತ್ತವೆ. ಅನ್ನ ಬಸಿದ ಗಂಜಿಯನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ಬಿ ಜೀವಸತ್ವಗಳೂ ಹೋಗುತ್ತವೆ. ಸೊಪ್ಪನ್ನು ತೊಳೆದು ಹೆಚ್ಚಬೇಕೇ ಹೊರತು ಹೆಚ್ಚಿ ತೊಳೆಯಬಾರದು. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ನಿಂಬೆರಸ ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ಅಲಕ್ಷ್ಯ ಮಾಡಬಾರದ ಚಿಹ್ನೆಗಳು

ಎರಡು ವಾರಗಳ ಚಿಕಿತ್ಸೆಯ ನಂತರವೂ ಮಾಯದ ಹುಣ್ಣು, ಮುಟ್ಟಿದರೆ ಗಟ್ಟಿಯಾದ ಗಂಟು, ಕಟವಾಯಿಯ ಒಳಬದಿಯಲ್ಲಿ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲು ಆಗದಿರುವುದು: ಇವು ಬಾಯಿಯ ಕ್ಯಾನ್ಸರಿನ ಅಥವಾ ಅದರ ಪೂರ್ವಸ್ಥಿತಿಯ ಸೂಚನೆಗಳಾಗಿರಬಹುದು. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿಯ ಅಭ್ಯಾಸವುಳ್ಳವರು ಇವುಗಳಲ್ಲಿ ಒಂದು ಕಂಡರೂ ವಿಳಂಬ ಮಾಡದೆ ವೈದ್ಯರಿಗೆ ಬಾಯಿ ತೋರಿಸಬೇಕು. 30 ವರ್ಷ ಮೀರಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪ್ರಮಾಣ ಹಾಗೂ ಬಾಯಿಯ ಕ್ಯಾನ್ಸರಿನ ತಪಾಸಣೆ ಉಚಿತವಾಗಿ ನಡೆಯುತ್ತದೆ.

ಪಂಚಾಯತಿ ಮಾಡಬಹುದಾದ ಕೆಲಸ

ಸಾರ್ವಜನಿಕ ಆರೋಗ್ಯವು ಗ್ರಾಮ ಪಂಚಾಯತಿಯ ವ್ಯಾಪ್ತಿಗೆ ಬರುತ್ತದೆ. ಮೇಲೆ ಹೇಳಿದ ಕಾರಣಗಳಲ್ಲಿ ಹೆಚ್ಚಿನವುಗಳಿಗೆ ಪರಿಹಾರ ಒದಗಿಸುವ ಕಾರ್ಯಕ್ರಮಗಳು ಈಗಾಗಲೇ ಜಾರಿಯಲ್ಲಿವೆ. ಸದಸ್ಯರು ಹೊಸದೇನನ್ನೂ ಆರಂಭಿಸಬೇಕಿಲ್ಲ. ಇರುವುದು ತಲುಪುತ್ತಿದೆಯೇ ಎಂದು ನೋಡಬೇಕು.

1. ಶಾಲೆಯಲ್ಲಿ 5ರಿಂದ 9 ವರ್ಷದ ಮಕ್ಕಳಿಗೆ ಗುಲಾಬಿ ಬಣ್ಣದ, 10ರಿಂದ 19 ವರ್ಷದವರಿಗೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ವಾರಕ್ಕೊಂದರಂತೆ ನೀಡಬೇಕು. ದಾಸ್ತಾನು ಇದೆಯೇ, ಮಕ್ಕಳು ಊಟದ ನಂತರ ಶಿಕ್ಷಕರ ಎದುರಿಗೇ ನುಂಗುತ್ತಿದ್ದಾರೆಯೇ ಎಂದು ಕೇಳಿರಿ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜವೆಂದು ಪೋಷಕರಿಗೆ ಮೊದಲೇ ತಿಳಿಸಿದರೆ ಹೆದರಿ ನಿಲ್ಲಿಸುವುದು ತಪ್ಪುತ್ತದೆ.

2. 2013ರಲ್ಲಿ ಆರಂಭವಾದ ಕ್ಷೀರ ಭಾಗ್ಯದ ಹಾಲು ಪ್ರತಿ ಮಗುವಿಗೆ 150 ಮಿಲಿಲೀಟರ್ ಪ್ರಮಾಣದಲ್ಲಿ ದೊರೆಯುತ್ತಿದೆಯೇ, ಹಾಲು ತೆಳುವಾಗಿಲ್ಲವೇ ಎಂದು ನೋಡಿರಿ. ಬಾಯಿ ಉರಿಯುವ ಮಗುವಿಗೆ ಖಾರ ಕಡಿಮೆ ಮಾಡಿ ಬಡಿಸುವಂತೆ ಅಡುಗೆಯವರಿಗೆ ತಿಳಿಸಿರಿ.

3. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೆ ವರ್ಷಕ್ಕೆ 2 ಬಾರಿ, ಶಾಲೆಗೆ 1 ಬಾರಿ ಬರಬೇಕು. ಆ ದಿನ ಮಕ್ಕಳ ಹಾಜರಾತಿ ಪೂರ್ಣವಿರುವಂತೆ ನೋಡಿಕೊಳ್ಳಿರಿ.

4. ಬಿ.ಪಿ.ಎಲ್. ಕುಟುಂಬಗಳ, ಹಲ್ಲಿಲ್ಲದ ಹಿರಿಯರಿಗೆ ಹಲ್ಲಿನ ಸೆಟ್ಟು ಒದಗಿಸಲು ದಂತ ಭಾಗ್ಯ ಯೋಜನೆಯನ್ನು ರೂಪಿಸಲಾಗಿದೆ. ವಾರ್ಡುವಾರು ಪಟ್ಟಿ ಮಾಡಿ, ಅರ್ಹತೆಯ ಬಗ್ಗೆ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರನ್ನು ಸಂಪರ್ಕಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಯಾವುದೇ ಮಗುವಿನ ಬಾಯಿಯನ್ನು ಇತರರ ಮುಂದೆ ತೋರಿಸಿ ಮಾತನಾಡಬಾರದು. ‘ಮನೆಯಲ್ಲಿ ಊಟ ಹಾಕುವುದಿಲ್ಲವೇ’ ಎಂಬ ಒಂದು ಮಾತು ಆ ತಾಯಿಯನ್ನು ಆಸ್ಪತ್ರೆಯಿಂದಲೂ ಅಂಗನವಾಡಿಯಿಂದಲೂ ದೂರ ಮಾಡಬಲ್ಲದು. ಆಶಾ ಕಾರ್ಯಕರ್ತೆಗೆ ಹೆಸರು ತಿಳಿಸಿದರೆ ಸಾಕು. ಅವರು ಮನೆಗೆ ಹೋಗಿ ಮಾತನಾಡುತ್ತಾರೆ.

ಕಟವಾಯಿಯ ಹುಣ್ಣು ಪ್ರಾಣಾಪಾಯ ತರುವ ರೋಗವಲ್ಲ. ಆದರೆ ರಕ್ತಹೀನತೆ, ಸಕ್ಕರೆ ಕಾಯಿಲೆಗಳು ಒಳಗೇ ಬೆಳೆಯುವಾಗ ಯಂತ್ರವಿಲ್ಲದೆ, ಖರ್ಚಿಲ್ಲದೆ, ಎದುರಿಗೆ ನಿಂತು ಮಾತನಾಡುವಾಗಲೇ ಕಣ್ಣಿಗೆ ಬೀಳಬಲ್ಲ ಗುರುತು ಇದು. ಗ್ರಾಮ ಪಂಚಾಯತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೇಲಿನ 4 ಅಂಶಗಳನ್ನು ಸೇರಿಸಿ ಚರ್ಚಿಸಬೇಕೆಂದು ಕೋರಲಾಗಿದೆ.