ಕಾವಲಿ ಕಾದರೆ ಸಾಕೇ? ಹಿಟ್ಟೂ ಬರಬೇಕು!

ಮದುವೆ ಮನೆಯಲ್ಲಿ ಬೆಳಗಿನ ತಿಂಡಿಗೆ ದೋಸೆ ಎಂದುಕೊಳ್ಳಿ. ಕಾವಲಿಗಳು ಸಾಲಾಗಿ ಕಾದಿವೆ. ದೋಸೆ ಹುಯ್ಯುವ ಭಟ್ಟರ ಕೈ ಬಲು ಚುರುಕು. ಆದರೆ ಹಿಟ್ಟು ಇರುವುದು ಉಗ್ರಾಣದಲ್ಲಿ. ಅದನ್ನು ತರಲು ಇರುವವನು ಒಬ್ಬನೇ ಹುಡುಗ, ಅವನ ಕೈಯಲ್ಲೊಂದು ಪುಟ್ಟ ಚೊಂಬು. ಪಂಕ್ತಿಯಲ್ಲಿ ಕುಳಿತವರ ಎಲೆಗೆ ದೋಸೆ ಬೀಳುವುದು ಯಾವಾಗ? ಭಟ್ಟರ ಕೈ ಎಷ್ಟೇ ಚುರುಕಾಗಿರಲಿ, ಹಿಟ್ಟು ಬರುವ ತನಕ ಅವರು ಸುಮ್ಮನೆ ನಿಂತಿರಬೇಕು.

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಹೆಚ್ಚುಕಡಿಮೆ ಇದೇ.

ಮಕ್ಕಳೇ, ನೀವು ಆಟ ಆಡುವ ಪರದೆ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಿಂದ ಆಗಿದೆ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿ ನೋಡಿ: 20,73,600. ಆಟ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ಬರಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 12 ಕೋಟಿಗೂ ಹೆಚ್ಚು ಚುಕ್ಕಿಗಳಿಗೆ ಬಣ್ಣ ಹಚ್ಚಬೇಕು! ಗೋಡೆಯ ಮೇಲಿನ ಇಟ್ಟಿಗೆ, ಮರದ ತೊಗಟೆ, ನೆರಳು, ಹೊಗೆ, ಎಲ್ಲದರ ಲೆಕ್ಕ ಬೇರೆ. ಹಾಗಾಗಿ ಒಂದೇ ಚುಕ್ಕಿಯನ್ನು ಕಾರ್ಡು ಹಲವು ಸಲ ಮುಟ್ಟಬೇಕಾಗುತ್ತದೆ.

ಈ ಲೆಕ್ಕವನ್ನೆಲ್ಲ ಮಾಡುವುದು ಕಾರ್ಡಿನ ನಡುವೆ ಕುಳಿತಿರುವ ಚಿಪ್ಪು. ಅದು ಒಂದು ತಾಳಕ್ಕೆ ಕೆಲಸ ಮಾಡುತ್ತದೆ. ಆ ತಾಳದ ವೇಗವೇ ಕ್ಲಾಕ್ ಸ್ಪೀಡ್. ಇದನ್ನು ಅಳೆಯುವುದು ಮೆಗಾಹರ್ಟ್ಸ್‌ನಲ್ಲಿ. ಜರ್ಮನಿಯ ವಿಜ್ಞಾನಿ ಹೈನ್ರಿಕ್ ಹರ್ಟ್ಸ್ ಅವರ ಹೆಸರನ್ನು ಈ ಅಳತೆಗೆ ಇಟ್ಟಿದ್ದಾರೆ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಮಿಡಿತ. ಇದು ನಮ್ಮ ಭಟ್ಟರ ಕೈಚುರುಕು.

ಲೆಕ್ಕಕ್ಕೆ ಬೇಕಾದ ಸಾಮಗ್ರಿ ಇರುವುದು ಚಿಪ್ಪಿನ ಪಕ್ಕದ ಮೆಮೊರಿಯಲ್ಲಿ. ಇದು ನಮ್ಮ ಉಗ್ರಾಣ. ಅಲ್ಲಿಂದ ಒಂದು ಸೆಕೆಂಡಿನಲ್ಲಿ ಎಷ್ಟು ಸಾಮಗ್ರಿ ಸಾಗಬಹುದು ಎಂಬುದೇ ಮೆಮೊರಿ ಬ್ಯಾಂಡ್‌ವಿಡ್ತ್. ಇದಕ್ಕೆ ಎರಡು ಸಂಗತಿ ಮುಖ್ಯ: ದಾರಿ ಎಷ್ಟು ಅಗಲವಾಗಿದೆ, ಓಟ ಎಷ್ಟು ಜೋರಾಗಿದೆ.

ನಮ್ಮ ಬೀದಿಯಲ್ಲಿ ಕಂಪ್ಯೂಟರ್ ವಿಷಯ ಬಂದರೆ ಜನ ಮೊದಲು ತಟ್ಟುವುದು ನನ್ನ ಬಾಗಿಲನ್ನೇ. ಒಂದು ಸಂಜೆ ನಿವೃತ್ತ ಮೇಷ್ಟ್ರೊಬ್ಬರು ಎಂಟನೇ ತರಗತಿಯ ಮೊಮ್ಮಗಳ ಜೊತೆ ಬಂದರು. ಪಿಂಚಣಿಯಲ್ಲಿ ಉಳಿಸಿದ ದುಡ್ಡಿನಲ್ಲಿ ಅವಳ ಹಳೆಯ ಕಂಪ್ಯೂಟರಿಗೆ ಕಾರ್ಡು ಕೊಡಿಸಬೇಕಿತ್ತು. ಕೈಯಲ್ಲೊಂದು ಚೀಟಿ.

“ನೋಡಪ್ಪ, ಎರಡಕ್ಕೂ ಒಂದೇ ಹೆಸರು, ಜೀಫೋರ್ಸ್ ಜಿಟಿ 1030. ಎರಡೂ 2 ಜಿಬಿ. ಒಂದಕ್ಕೆ ಬೆಲೆ ತುಸು ಕಡಿಮೆ. ಅದನ್ನೇ ತಗೊಳ್ಳಲಾ?” ಎಂದರು.

“ಎರಡೂ ಒಂದೇ ಅಲ್ವಾ ಮಾಮ?” ಎಂದಳು ಹುಡುಗಿ.

ಚೀಟಿಯ ಮೂಲೆಯಲ್ಲಿ ವ್ಯತ್ಯಾಸ ಅಡಗಿತ್ತು. ಎನ್‌ವಿಡಿಯಾ ಕಂಪನಿ ಈ ಕಾರ್ಡನ್ನು 2017ರಲ್ಲಿ ತಂದಾಗ ಅದರಲ್ಲಿದ್ದದ್ದು ಜಿಡಿಡಿಆರ್ 5 ಎಂಬ ಮೆಮೊರಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್ 4 ಮೆಮೊರಿಯ ಕಾರ್ಡೂ ಬಂತು. ಲೆಕ್ಕ ಮಾಡುವ ಘಟಕಗಳ ಸಂಖ್ಯೆ ಎರಡರಲ್ಲೂ ಒಂದೇ. ಕ್ಲಾಕ್ ಸ್ಪೀಡ್ ಮೊದಲನೆಯದರಲ್ಲಿ 1227 ಮೆಗಾಹರ್ಟ್ಸ್, ಎರಡನೆಯದರಲ್ಲಿ ಸುಮಾರು 1150. ವ್ಯತ್ಯಾಸ ನೂರಕ್ಕೆ ಆರರಷ್ಟು ಮಾತ್ರ.

ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟು ಬ್ಯಾಂಡ್‌ವಿಡ್ತ್ ಲೆಕ್ಕ ಮಾಡಿಸಿದೆ. ಎರಡರ ದಾರಿಯ ಅಗಲವೂ 64 ಬಿಟ್. ಅಂದರೆ 64 ಎಳೆಯ ದಾರಿ. ಜಿಡಿಡಿಆರ್ 5ರಲ್ಲಿ ಪ್ರತಿ ಎಳೆಯಲ್ಲೂ ಸೆಕೆಂಡಿಗೆ 6 ಗಿಗಾಬಿಟ್ ಸಾಗುತ್ತದೆ. 64ನ್ನು 6ರಿಂದ ಗುಣಿಸಿ, ಎಂಟು ಬಿಟ್ ಸೇರಿದರೆ ಒಂದು ಬೈಟ್ ಆದ್ದರಿಂದ 8ರಿಂದ ಭಾಗಿಸಿದರೆ 48. ಅಂದರೆ ಸೆಕೆಂಡಿಗೆ 48 ಗಿಗಾಬೈಟ್. ಡಿಡಿಆರ್ 4ರಲ್ಲಿ ಪ್ರತಿ ಎಳೆಗೆ 2.1 ಗಿಗಾಬಿಟ್ ಮಾತ್ರ. ಅದೇ ಲೆಕ್ಕ ಮಾಡಿದರೆ 16.8 ಗಿಗಾಬೈಟ್.

“ಮೂರರಲ್ಲಿ ಒಂದು ಪಾಲು ಚಿಲ್ಲರೆ ಅಷ್ಟೇ ತಾತ!” ಎಂದಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಲೆಕ್ಕವನ್ನು ಇನ್ನೊಮ್ಮೆ ನೋಡಿದರು.

ಉಗ್ರಾಣ ಎರಡು ಕಡೆಯೂ ಅಷ್ಟೇ ದೊಡ್ಡದು. 2 ಜಿಬಿ ಎಂಬುದು ಅದರ ಅಳತೆ. ಆದರೆ ಡಿಡಿಆರ್ 4 ಕಾರ್ಡಿನಲ್ಲಿ ಹಿಟ್ಟು ತರುವ ಹುಡುಗ ನಿಧಾನ. ಅನೇಕ ಆಟಗಳಲ್ಲಿ ಅದರ ವೇಗ ಇನ್ನೊಂದರ ಸುಮಾರು ಅರ್ಧಕ್ಕೆ ಇಳಿಯುವುದು ಇದರಿಂದಲೇ. ಮೇಷ್ಟ್ರು ಚೀಟಿಯಲ್ಲಿ ಜಿಡಿಡಿಆರ್ 5 ಎಂಬುದರ ಕೆಳಗೆ ಎರಡು ಗೆರೆ ಎಳೆದುಕೊಂಡು ಹೋದರು.

ಹಾಗಾದರೆ ಬ್ಯಾಂಡ್‌ವಿಡ್ತ್ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆಯೇ? ಅದೂ ಹಾಗಲ್ಲ. ಜಿಟಿಎಕ್ಸ್ 1650 ಎಂಬ ಇನ್ನೊಂದು ಕಾರ್ಡು 2019ರಲ್ಲಿ ಬಂದಾಗ ಅದರ ಬ್ಯಾಂಡ್‌ವಿಡ್ತ್ 128 ಗಿಗಾಬೈಟ್ ಇತ್ತು. 2020ರಲ್ಲಿ ಅದೇ ಕಾರ್ಡು ಜಿಡಿಡಿಆರ್ 6 ಮೆಮೊರಿಯೊಂದಿಗೆ ಬಂತು. ಬ್ಯಾಂಡ್‌ವಿಡ್ತ್ 192ಕ್ಕೆ ಏರಿತು. ಆದರೆ ಕ್ಲಾಕ್ ಸ್ಪೀಡ್ 1485ರಿಂದ 1410 ಮೆಗಾಹರ್ಟ್ಸ್‌ಗೆ ಇಳಿಯಿತು. ತಾಳ ನಿಧಾನವಾದರೂ ಹೊಸ ಕಾರ್ಡೇ ಮುಂದಿತ್ತು. ಹಾಗೆಂದು ಸಾಮಗ್ರಿ ಒಂದೂವರೆ ಪಟ್ಟು ಬಂದರೂ ಆಟ ಒಂದೂವರೆ ಪಟ್ಟು ಜೋರಾಗಲಿಲ್ಲ, ಸ್ವಲ್ಪವೇ ಜೋರಾಯಿತು. ಹಿಟ್ಟು ಸಾಕಷ್ಟು ಬಂದ ಮೇಲೆ ಕಾಯಬೇಕಾದದ್ದು ಕಾವಲಿಗಾಗಿ! ಎರಡೂ ಹದವಾಗಿ ಹೊಂದಿಕೊಂಡರೇ ಚೆನ್ನ.

ಇನ್ನೊಂದು ಮಾತು. ಬೇರೆ ಬೇರೆ ಜಾತಿಯ ಕಾರ್ಡುಗಳನ್ನು ಬರೀ ಮೆಗಾಹರ್ಟ್ಸ್ ನೋಡಿ ಹೋಲಿಸಬೇಡಿ. ಒಂದರಲ್ಲಿ ಲೆಕ್ಕ ಮಾಡುವ ಘಟಕಗಳು ನೂರಾರು, ಇನ್ನೊಂದರಲ್ಲಿ ಸಾವಿರಾರು ಇರಬಹುದು. ಹತ್ತು ಕಾವಲಿಗೂ ನೂರು ಕಾವಲಿಗೂ ವ್ಯತ್ಯಾಸ ಇಲ್ಲವೇ? ಪಾಠ ಕೇಳಲು, ಪತ್ರ ಬರೆಯಲು, ಸಿನಿಮಾ ನೋಡಲು ಬೇರೆ ಕಾರ್ಡೇ ಬೇಕಿಲ್ಲ. ಈಗಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಸಾಕು.

ಕೊಳ್ಳಲೇಬೇಕಾದರೆ, ತಾತ ಅಜ್ಜಿಯರೇ, ಡಬ್ಬಿಯ ಮೇಲಿನ ದೊಡ್ಡ ಅಕ್ಷರಕ್ಕೆ ಮರುಳಾಗದೆ ಮೆಮೊರಿಯ ಜಾತಿ ಯಾವುದು, ದಾರಿ ಎಷ್ಟು ಬಿಟ್, ಪ್ರತಿ ಎಳೆಯ ವೇಗ ಎಷ್ಟು ಎಂದು ಕೇಳಿ. ಹಿಂಬದಿಯ ಸಣ್ಣ ಅಕ್ಷರ ಓದಲು ಮೊಮ್ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದು ಗುಣಾಕಾರ, ಒಂದು ಭಾಗಾಕಾರ ಅವರೇ ಮಾಡಿಕೊಡುತ್ತಾರೆ.