ಕಾಲು ಒತ್ತಿದ್ದು ಮೂರು, ಕೇಳಿಸಿದ್ದು ನಾಲ್ಕು

ಜಾತ್ರೆಯ ರಾತ್ರಿ ತೇರು ನಿಂತ ಮೇಲೆ ಗುಡಿಯ ಮುಂದೆ ಪದ ಹಾಡುವುದು ನಮ್ಮೂರ ಹಳೇ ರೂಢಿ. ನಮ್ಮದು ಮಡಕಶಿರಾ ಸೀಮೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ನಾವು ಆಂಧ್ರದ ಕಡೆ ಉಳಿದೆವು. ಒಂದು ಪದ ಕನ್ನಡದ್ದಾದರೆ ಮುಂದಿನದು ತೆಲುಗಿನದು. ಯಾವುದು ಎಷ್ಟಾಯಿತೆಂದು ಇಲ್ಲಿ ಯಾರೂ ಎಣಿಸಿ ನೋಡುವವರಲ್ಲ.

ಹೋದ ಸಲದ ಜಾತ್ರೆಯಲ್ಲಿ ನನ್ನ ತಮ್ಮನ ಮಗ ಗಿಟಾರ್ ನುಡಿಸಲು ಕೂತಿದ್ದ. ಮೊದಲು ಹುಡುಗರ ಕುಣಿತಕ್ಕೆ ತೆಲುಗು ಸಿನಿಮಾ ಹಾಡು, ಆಮೇಲೆ ನಮ್ಮೂರ ಹಿರಿಯ ತತ್ವಪದಕಾರರ ಕನ್ನಡ ಪದ. ಅಜ್ಜ ಕಣ್ಣು ಮುಚ್ಚಿ ತಂಬೂರಿ ಮೀಟಿ ಸೊಲ್ಲು ಎತ್ತಿದರು. ಹುಡುಗ ಕಾಲಡಿಯ ಹಲಗೆಯ ಮೂರನೇ ಗುಂಡಿ ಒತ್ತಿದ. ಮೆತ್ತಗಿನ ನಾದ ಬರಬೇಕಾಗಿತ್ತು. ಬಂದದ್ದು ತಗಡು ಹರಿದ ಹಾಗೆ ಗರ್ಜನೆ! ಜನ ಹೋ ಎಂದು ನಕ್ಕರು. ಅಜ್ಜ ತಾವೇ ಶ್ರುತಿ ತಪ್ಪಿದೆವು ಅಂದುಕೊಂಡು ತಂಬೂರಿ ಕೆಳಗಿಟ್ಟು ಎದ್ದು ಹೋದರು. ಆಮೇಲೆ ಮೂರು ತಿಂಗಳು ಅವರು ಗುಡಿಯಲ್ಲಿ ಬಾಯಿ ಬಿಡಲಿಲ್ಲ.

ನನ್ನ ತಮ್ಮನಿಗೆ ಸಿಟ್ಟು. ಎರಡು ಬೆಳೆ ರೇಷ್ಮೆಗೂಡಿನ ದುಡ್ಡು ಆ ಪೆಟ್ಟಿಗೆಗೆ ಹೋಗಿತ್ತು. ‘ಮಾರಿಬಿಡು, ಇಲ್ಲಾಂದ್ರೆ ನಾನೇ ಗುಜರಿಗೆ ಹಾಕ್ತೀನಿ’ ಅಂದ. ಹುಡುಗ ಅದೇ ಬೇಜಾರಿನಲ್ಲಿ ಒಳಗಿದ್ದ ಲೆಕ್ಕವನ್ನೆಲ್ಲ ಅಳಿಸಿ, ಮೂಟೆ ಕಟ್ಟಿ ಅಟ್ಟಕ್ಕೆ ಎಸೆದ. ಒಂದು ದಿನ ಸಾಯಂಕಾಲ ನಾನೇ ಅದನ್ನು ಇಳಿಸಿದೆ. ‘ದೊಡ್ಡಪ್ಪ, ನಿಂಗೆ ಇದೆಲ್ಲ ತಿಳಿಯಲ್ಲ’ ಅಂದ. ‘ತಿಳಿಯಲ್ಲ ಕಣೋ. ನೀನು ಹೇಳು, ನಾನು ಬರ್ಕೊಂತೀನಿ’ ಅಂದೆ.

ನಾನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವನು. ಕಡಲೆಕಾಯಿ ಹೊಲ, ಒಂದಷ್ಟು ಹಿಪ್ಪುನೇರಳೆ, ಎರಡು ಭಾಷೆಯಲ್ಲಿ ಒಂದಿಷ್ಟು ಪದ್ಯ ಇಷ್ಟೇ ನನ್ನ ಬಂಡವಾಳ. ಆದರೂ ಮೂರು ಸಾಯಂಕಾಲ ಕೂತ ಮೇಲೆ ಆ ಹಲಗೆಯ ಮರ್ಮ ತಿಳಿಯಿತು. ಗಡಿ ಊರುಗಳ ಭಜನೆ ಮನೆಗಳಲ್ಲೂ ಆರ್ಕೆಸ್ಟ್ರಾಗಳಲ್ಲೂ ಈಗ ಇಂಥ ಪೆಟ್ಟಿಗೆಗಳು ಬರುತ್ತಿವೆ. ಇನ್ನೊಬ್ಬ ಅಜ್ಜ ತಂಬೂರಿ ಕೆಳಗಿಡುವುದು ಬೇಡವೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಾಯಂಕಾಲ: ದಾರಿ

ಪೆಟ್ಟಿಗೆ ಎರಡು. ಒಂದು ಎಫೆಕ್ಟ್ಸ್ ಪ್ರೊಸೆಸರ್. ಗಿಟಾರಿನ ನಾದ ಅದರೊಳಗೆ ಹೋಗಿ ಗಡುಸಾಗಿಯೋ, ಮೆತ್ತಗಾಗಿಯೋ, ಬಾವಿಯೊಳಗಿನ ಮಾರ್ದನಿಯ ಹಾಗೋ ಹೊರಗೆ ಬರುತ್ತದೆ. ಒಂದೊಂದು ಬಗೆಗೂ ಒಂದೊಂದು ನಂಬರು, ಅದಕ್ಕೆ ಪ್ಯಾಚ್ ಅನ್ನುತ್ತಾರೆ. ಎರಡನೆಯದು ಕಾಲಲ್ಲಿ ಒತ್ತುವ ಹಲಗೆ, ಅಂದರೆ ಫುಟ್ ಕಂಟ್ರೋಲರ್. ಕೈ ತಂತಿಯ ಮೇಲಿರುವಾಗ ಪ್ಯಾಚ್ ಬದಲಿಸುವುದು ಕಾಲಿನ ಕೆಲಸ. ಇವೆರಡರ ನಡುವಿನ ಮಾತಿನ ಹೆಸರು ಮಿಡಿ.

ಮಿಡಿ ತಂತಿಯಲ್ಲಿ ನಾದ ಹರಿಯುವುದಿಲ್ಲ, ಅಪ್ಪಣೆ ಮಾತ್ರ ಹರಿಯುತ್ತದೆ. ಇದನ್ನು ತಿಳಿಯುವುದಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು. ಗಿಟಾರಿನ ತಂತಿ ಪ್ರೊಸೆಸರಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ ಹೋಗುತ್ತದೆ. ಅದು ನಾದದ ದಾರಿ. ಹಲಗೆಯಿಂದ ಪ್ರೊಸೆಸರಿಗೆ ಐದು ಕಡ್ಡಿಯ ದುಂಡನೆ ಪ್ಲಗ್ಗಿನ ತಂತಿ ಬೇರೆ. ಐದು ಕಡ್ಡಿಯಲ್ಲಿ ಅಪ್ಪಣೆ ಒಯ್ಯುವುದು ನಾಲ್ಕನೆಯದು ಮತ್ತು ಐದನೆಯದು, ಎರಡನೆಯದು ತಂತಿಯ ಕವಚಕ್ಕೆ. ತಂತಿ 15 ಮೀಟರಿಗಿಂತ ಉದ್ದ ಬೇಡವೆಂದು ಮಿಡಿ ನಿಯಮವೇ ಹೇಳುತ್ತದೆ.

ಹಲಗೆಯ ‘ಔಟ್’ ತೂತಿನಿಂದ ಪ್ರೊಸೆಸರಿನ ‘ಇನ್’ ತೂತಿಗೆ ಸಿಕ್ಕಿಸಬೇಕು. ನಮ್ಮ ಹುಡುಗ ಆತುರದಲ್ಲಿ ಔಟಿನಿಂದ ಔಟಿಗೇ ಸಿಕ್ಕಿಸಿದ್ದ. ಇಬ್ಬರೂ ಮಾತಾಡೋರು, ಕೇಳೋರು ಯಾರೂ ಇಲ್ಲ! ಸರಿಪಡಿಸಿದೆವು. ಆದರೂ ಪ್ರೊಸೆಸರ್ ಅಲುಗಾಡಲಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಕೈಪಿಡಿ ತೆಗೆದು ಅವನು ಓದುತ್ತಾ ಹೋದ, ನಾನು ‘ಹಂಗಂದ್ರೇನು, ಹಂಗಂದ್ರೇನು’ ಅಂತ ಕೇಳುತ್ತಾ ಹೋದೆ. ಕಡೆಗೆ ಚಾನೆಲ್ ಎಂಬ ಮಾತು ಸಿಕ್ಕಿತು.

ಒಂದೇ ತಂತಿಯಲ್ಲಿ 16 ಚಾನೆಲ್ ಇರುತ್ತವೆ. ಹಲಗೆ ಒಂದನೇ ಚಾನೆಲಿನಲ್ಲಿ ಹೇಳುತ್ತಿದ್ದರೆ ಪ್ರೊಸೆಸರ್ ಎರಡರಲ್ಲಿ ಕಿವಿಯಿಟ್ಟು ಕೂತಿತ್ತು. ಎರಡನ್ನೂ ಒಂದಕ್ಕೆ ತಂದೆವು. ಗುಂಡಿ ಒತ್ತಿದ ಕೂಡಲೇ ಪರದೆಯ ನಂಬರು ಬದಲಾಯಿತು. ಹುಡುಗ ಜಾತ್ರೆಯಾದ ಮೇಲೆ ಮೊದಲ ಸಲ ನಕ್ಕ.

ಎರಡನೇ ಸಾಯಂಕಾಲ: ಸೊನ್ನೆಯ ಲೆಕ್ಕ

ಅಪ್ಪಣೆಗಳಲ್ಲಿ ಮೊದಲನೆಯದು ಪ್ರೋಗ್ರಾಂ ಚೇಂಜ್. ‘ಇಂಥ ನಂಬರಿನ ಪ್ಯಾಚ್ ತೆಗೆ’ ಅನ್ನುವುದು ಅದರ ಅರ್ಥ. ತಂತಿಯೊಳಗೆ ಈ ನಂಬರು 0ಯಿಂದ 127ರ ತನಕ, ಒಟ್ಟು 128. ಯಂತ್ರಕ್ಕೆ ಸೊನ್ನೆಯೇ ಮೊದಲು. ಮನುಷ್ಯರಿಗೆ ಒಂದು ಮೊದಲು. ಅದಕ್ಕೆ ಕೆಲವು ಪೆಟ್ಟಿಗೆ ಮಾಡುವವರು ಪರದೆಯ ಮೇಲೆ 0ಯಿಂದ ತೋರಿಸುತ್ತಾರೆ, ಕೆಲವರು 1ರಿಂದ ತೋರಿಸುತ್ತಾರೆ.

ಜಾತ್ರೆಯ ರಾತ್ರಿಯ ಗುಟ್ಟು ಇಲ್ಲೇ ಇತ್ತು. ನಮ್ಮ ಹಲಗೆ ಸೊನ್ನೆಯಿಂದ ಎಣಿಸುವುದು, ಪ್ರೊಸೆಸರ್ ಒಂದರಿಂದ ಎಣಿಸುವುದು. ಹುಡುಗ ಹಲಗೆಗೆ 3 ಎಂದು ತುಂಬಿದ್ದ. ತಂತಿಯಲ್ಲಿ 3 ಹೋಯಿತು. ಆ ಕಡೆ 0 ಅಂದರೆ ಮೊದಲ ಪ್ಯಾಚ್, ಹಾಗಾಗಿ 3 ಅಂದರೆ ನಾಲ್ಕನೆಯದು. ಮೂರನೆಯದು ಮೆತ್ತಗಿನ ನಾದ, ನಾಲ್ಕನೆಯದು ಡಿಸ್ಟಾರ್ಷನ್. ಹಲಗೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಾಗಿ ಬಂದು ಎರಡೇ ದಿನವಾಗಿತ್ತು. ಅಭ್ಯಾಸವನ್ನೆಲ್ಲ ಇವನು ಪ್ರೊಸೆಸರಿನ ಮೈಮೇಲಿನ ಗುಂಡಿಯಲ್ಲೇ ಮಾಡಿದ್ದ. ಜಾತ್ರೆ ದಿನ ಸಂಜೆ ನಂಬರು ತುಂಬಿದವನು ಒಂದೊಂದೇ ಒತ್ತಿ ನೋಡಲಿಲ್ಲ. ‘ಯಂತ್ರದ್ದೂ ತಪ್ಪಿಲ್ಲ, ಅಜ್ಜಂದೂ ತಪ್ಪಿಲ್ಲ ದೊಡ್ಡಪ್ಪ, ನಂದೇ’ ಅಂದ. ಅಷ್ಟು ಅವನ ಬಾಯಲ್ಲಿ ಬಂದದ್ದು ನನಗೆ ಸಾಕಾಗಿತ್ತು.

ಆ ರಾತ್ರಿ ನಾನು ರಟ್ಟಿನ ಮೇಲೆ ಒಂದು ಪಟ್ಟಿ ಬರೆದೆ. ಎಡಗಡೆ ಕಾಲಿನ ಗುಂಡಿ, ನಡುವೆ ಹಲಗೆಗೆ ತುಂಬಬೇಕಾದ ನಂಬರು, ಬಲಗಡೆ ಪ್ರೊಸೆಸರಿನಲ್ಲಿ ಬರುವ ಪ್ಯಾಚ್. ಮೂರನೇ ಗುಂಡಿಯ ಎದುರು 2, ಅದರ ಎದುರು 3, ‘ಮೆತ್ತಗೆ, ಅಜ್ಜನ ಪದಕ್ಕೆ’. ನಾಲ್ಕರ ಎದುರು 3, 4, ‘ಗಡುಸು, ಕುಣಿತಕ್ಕೆ’. ಬರೆದದ್ದೆಲ್ಲ ಕನ್ನಡದಲ್ಲಿ.

ಹುಡುಗ ಓದಿದ್ದು ತೆಲುಗು ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಬರಹ ಕಲಿತಿಲ್ಲ. ಪಟ್ಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮೆತ್ತಗೆ’ ಎಂದು ಕೂಡಿಸಿ ಓದಿದ. ಎರಡೂ ಲಿಪಿ ಒಂದೇ ಬೇರಿನವು. ತಲೆಕಟ್ಟು ಬೇರೆಯಾದರೂ ಮೈ ಹೆಚ್ಚುಕಡಿಮೆ ಅದೇ. ‘ಕ’, ‘ತ’, ‘ಶ’ ಹತ್ತಿರ ತಡವರಿಸಿದ, ನಾನು ತೋರಿಸಿದೆ. ಶಾಲೆಯ ಹತ್ತು ವರ್ಷದಲ್ಲಿ ಆಗದ್ದು ಒಂದು ಗಿಟಾರಿನ ನೆಪದಲ್ಲಿ ನಮ್ಮ ಜಗಲಿಯಲ್ಲಿ ಶುರುವಾಯಿತು.

ಮೂರನೇ ಸಾಯಂಕಾಲ: ಪೆಡಲು

ಎರಡನೇ ಬಗೆಯ ಅಪ್ಪಣೆ ಕಂಟ್ರೋಲ್ ಚೇಂಜ್. ಇದು ಪ್ಯಾಚನ್ನು ಬದಲಿಸುವುದಿಲ್ಲ, ಅದರೊಳಗಿನ ಒಂದು ಗುಣವನ್ನು ಏರಿಸಿ ಇಳಿಸುತ್ತದೆ. ಯಾವ ಗುಣ ಎಂಬುದಕ್ಕೊಂದು ನಂಬರು, ಎಷ್ಟು ಎಂಬುದಕ್ಕೆ 0ಯಿಂದ 127ರ ತನಕ ಇನ್ನೊಂದು. ಧ್ವನಿಯ ಮಟ್ಟಕ್ಕೆ 7, ಎಕ್ಸ್‌ಪ್ರೆಷನಿಗೆ 11 ರೂಢಿಯ ನಂಬರುಗಳು. ಹಲಗೆಯ ಪಕ್ಕದ ಪೆಡಲಿಗೆ 11 ಕೊಟ್ಟು, ಪ್ರೊಸೆಸರಿನಲ್ಲೂ 11 ಬಂದರೆ ಧ್ವನಿ ಏರಿಳಿಸು ಎಂದು ಒಪ್ಪಿಸಿದೆವು. ಹಿಮ್ಮಡಿ ಪೂರ್ತಿ ಒತ್ತಿದಾಗ 0, ತುದಿಗಾಲು ಪೂರ್ತಿ ಒತ್ತಿದಾಗ 127 ಬರುತ್ತದೋ ಎಂದು ಪರದೆಯಲ್ಲಿ ನೋಡಿ ಹದ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಾಲು ಪೂರ್ತಿ ಇಳಿದರೂ ಧ್ವನಿ ಅರ್ಧದಲ್ಲೇ ನಿಲ್ಲುತ್ತದೆ.

ಇನ್ನೊಂದು ಗುಂಡಿಗೆ ಮಾರ್ದನಿ ಕೊಟ್ಟೆವು. ಕಾಲಿಟ್ಟಿರುವ ತನಕ ಮಾರ್ದನಿ, ಎತ್ತಿದರೆ ಮಾಯ. ಕಾರಣ, ಗುಂಡಿ ಒತ್ತಿದಾಗ 127 ಕಳಿಸಿ ಬಿಟ್ಟಾಗ 0 ಕಳಿಸುತ್ತಿತ್ತು. 64 ಮತ್ತು ಮೇಲಿನದು ‘ಹೂಂ’, 63 ಮತ್ತು ಕೆಳಗಿನದು ‘ಊಹೂಂ’ ಎಂಬುದು ಸಾಮಾನ್ಯ ನಿಯಮ. ಒಮ್ಮೆ ಒತ್ತಿದರೆ 127, ಮತ್ತೊಮ್ಮೆ ಒತ್ತಿದರೆ 0 ಬರುವ ಹಾಗೆ ಗುಂಡಿಯ ಬಗೆಯನ್ನು ಬದಲಿಸಿದಾಗ ಸರಿಹೋಯಿತು. ಮನೆಯ ದೀಪದ ಸ್ವಿಚ್ಚಿಗೂ ಬಾಗಿಲ ಗಂಟೆಯ ಸ್ವಿಚ್ಚಿಗೂ ಇರುವ ವ್ಯತ್ಯಾಸ ಅಷ್ಟೇ.

ಪ್ಯಾಚ್ ಬದಲಾಗುವಾಗ ಒಂದು ಕ್ಷಣ ನಾದ ಕಡಿದಂತಾಗುತ್ತಿತ್ತು. ತಂತಿ ನಿಧಾನವೇನೋ ಎಂದು ನನ್ನ ಅನುಮಾನ. ಹುಡುಗ ಲೆಕ್ಕ ಮಾಡಿ ತೋರಿಸಿದ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಪ್ರೋಗ್ರಾಂ ಚೇಂಜಿಗೆ ಬೇಕಾದದ್ದು 20 ಬಿಟ್. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಹಿಡಿಯುವುದಿಲ್ಲ. ಕಡಿಯುವುದು ಪ್ರೊಸೆಸರ್ ಒಂದು ನಾದ ಬಿಟ್ಟು ಇನ್ನೊಂದನ್ನು ಹೊಂದಿಸಿಕೊಳ್ಳುವಾಗ. ಅದಕ್ಕೆ ಉಪಾಯ, ಒಂದು ಹಾಡಿನ ನಡುವೆ ಪ್ಯಾಚ್ ಬದಲಿಸದೆ, ಒಂದೇ ಪ್ಯಾಚಿನೊಳಗೆ ಬೇಕಾದ್ದನ್ನು ಕಂಟ್ರೋಲ್ ಚೇಂಜಿನಲ್ಲಿ ಹಚ್ಚಿ ಆರಿಸುವುದು. ಪ್ಯಾಚ್ ಬದಲಿಸುವುದು ಹಾಡು ಮುಗಿದ ಮೇಲೆ.

ಕಡೆಗೆ ಎರಡು ಮಾತು. ತುಂಬಿದ್ದನ್ನು ಪೆಟ್ಟಿಗೆಯಲ್ಲಿ ಉಳಿಸದೆ ಕರೆಂಟು ತೆಗೆಯಬೇಡಿ, ಎಲ್ಲ ಮೊದಲಿನಿಂದ ಮಾಡಬೇಕಾದೀತು. ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಸಿಕ್ಕಿಸಬೇಡಿ. ಪ್ಲಗ್ ಹೊಂದಿಕೊಂಡರೂ ಒಂದು ಎಸಿ, ಒಂದು ಡಿಸಿ ಇರಬಹುದು. ಅಡಾಪ್ಟರಿನ ಮೇಲೂ ಪೆಟ್ಟಿಗೆಯ ಮೇಲೂ ಬರೆದದ್ದು ತಾಳೆಯಾದರೆ ಮಾತ್ರ ಹಚ್ಚಿ.

ಅಜ್ಜನ ಜಗಲಿ

ಈ ಮಿಡಿ ಹುಟ್ಟಿದ ಕಥೆಯನ್ನೂ ಹುಡುಗ ಹೇಳಿದ. ಮೊದಲು ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯ ವಾದ್ಯದ ಜೊತೆ ಮಾತಾಡುತ್ತಿರಲಿಲ್ಲವಂತೆ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂದೆ ನಿಂತು, ಸ್ಪರ್ಧಿಗಳನ್ನೆಲ್ಲ ಒಪ್ಪಿಸಿ 1983ರಲ್ಲಿ ಎಲ್ಲರಿಗೂ ಒಂದೇ ಭಾಷೆ ಮಾಡಿದರು. ಬಳಸುವವರಿಂದ ಕಾಸು ಕೇಳಲಿಲ್ಲ. 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಬಂತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. ಎರಡು ಭಾಷೆಯ ನಡುವೆ ಬಾಳಿದ ನನಗೆ ಈ ಕಥೆ ಹಿಡಿಸಿತು. ಅವರು ಯಾರ ವಾದ್ಯದ ನಾದವನ್ನೂ ಬದಲಿಸಲಿಲ್ಲ. ಕೇಳುವ ದಾರಿಯೊಂದನ್ನು ಮಾಡಿಕೊಟ್ಟರು.

ನಾಲ್ಕನೇ ದಿನ ಹುಡುಗನನ್ನು ಕರಕೊಂಡು ಅಜ್ಜನ ಮನೆಗೆ ಹೋದೆ. ಅವನು ನೆಲ ನೋಡುತ್ತಾ ‘ಅಜ್ಜ, ಅವತ್ತು ನೀವು ಶ್ರುತಿ ತಪ್ಪಿರಲಿಲ್ಲ. ನಾನು ನಂಬರು ತಪ್ಪಿದ್ದೆ’ ಅಂದ. ಅಜ್ಜ ಅಡಿಕೆ ಕತ್ತರಿಸುತ್ತಾ ಇದ್ದವರು ತಲೆಯೆತ್ತಿದರು. ‘ಮೂರು ತಿಂಗಳಿಂದ ನನ್ನ ಕಿವಿ ಹೋಯ್ತು ಅಂತ ಕೂತಿದ್ನಲ್ಲೋ ಮಗ. ಅವತ್ತೇ ಹೇಳಬಾರದಾಗಿತ್ತಾ?’ ಅಂದರು. ಬೈಗುಳ ಬರುತ್ತದೆಂದು ನಾವು ಕಾದಿದ್ದೆವು. ಬಂದದ್ದು ಅದಕ್ಕಿಂತ ಭಾರವಾದ ಮಾತು.

ಶಿವರಾತ್ರಿಯ ಜಾಗರಣೆಗೆ ಅಜ್ಜ ಗುಡಿಗೆ ಬಂದರು. ಹುಡುಗ ಸಂಜೆಯೇ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ, ರಟ್ಟಿನ ಪಟ್ಟಿಯ ಮೇಲೆ ಬೆರಳಿಟ್ಟು ತಾಳೆ ನೋಡಿದ್ದ. ಅಜ್ಜ ಸೊಲ್ಲು ಎತ್ತಿದರು. ಮೂರನೇ ಗುಂಡಿ, ಮೆತ್ತಗಿನ ನಾದ. ಪೆಡಲಿನ ಮೇಲೆ ಹುಡುಗನ ಕಾಲು ಹಿಮ್ಮಡಿಯ ಕಡೆಗೇ ಇತ್ತು, ಅಜ್ಜನ ದನಿಗಿಂತ ಗಿಟಾರು ಒಮ್ಮೆಯೂ ಮೇಲೇಳಲಿಲ್ಲ. ನನ್ನ ತಮ್ಮ ಕಂಬಕ್ಕೆ ಒರಗಿ ಕೇಳುತ್ತಾ ನಿಂತಿದ್ದ. ಮಾರುವ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಪಟ್ಟಿ ಈಗಲೂ ಹಲಗೆಗೆ ಅಂಟಿಕೊಂಡಿದೆ. ಅದರ ಕೆಳಗೆ ಐದನೇ ಗುಂಡಿಯ ಸಾಲನ್ನು ಹುಡುಗ ತಾನೇ ಕನ್ನಡದಲ್ಲಿ ಬರೆದಿದ್ದಾನೆ. ‘ತ’ಕ್ಕೆ ತೆಲುಗಿನ ತಲೆಕಟ್ಟು ಹಾಕಿದ್ದಾನೆ. ನಾನು ತಿದ್ದಲಿಲ್ಲ.