ನಿವೃತ್ತಿಗೆ ಮುನ್ನ ಮನೆಯ ಆಯವ್ಯಯ

ಕರ್ನಾಟಕದ ಸರ್ಕಾರಿ ನೌಕರನು ತನಗೆ ಅರವತ್ತು ತುಂಬುವ ತಿಂಗಳಿನ ಕಡೆಯ ದಿನ ಸೇವೆಯಿಂದ ನಿವೃತ್ತನಾಗುತ್ತಾನೆ. ಅಂದು ಕಛೇರಿಯಲ್ಲಿ ಹಾರ, ಶಾಲು, ಫಲತಾಂಬೂಲಗಳ ಮರ್ಯಾದೆ ನಡೆಯುತ್ತದೆ. ಒಳ್ಳೆಯ ಮಾತುಗಳನ್ನೂ ಆಡುತ್ತಾರೆ. ಮರುದಿನದಿಂದ ಮನೆಗೆ ಬರುವುದೆಷ್ಟು, ಹೋಗುವುದೆಷ್ಟು ಎಂಬ ಪ್ರಶ್ನೆಗೆ ಮಾತ್ರ ಆ ಸಭೆಯಲ್ಲಿ ಉತ್ತರ ದೊರೆಯುವುದಿಲ್ಲ. ಅದನ್ನು ಐದಾರು ವರ್ಷಗಳ ಮೊದಲೇ, ಪತಿಪತ್ನಿಯರಿಬ್ಬರೂ ಕಾಗದ ಲೇಖಣಿಗಳೊಡನೆ ಕುಳಿತು ಕಂಡುಕೊಳ್ಳತಕ್ಕದ್ದು. ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿರುವುದು ಆ ಲೆಕ್ಕವನ್ನೇ.

ಮೊದಲು ಆದಾಯದ ಬಾಬು. ಪ್ರೌಢಶಾಲೆಯ ಉಪಾಧ್ಯಾಯರೊಬ್ಬರನ್ನು ಊಹಿಸಿಕೊಳ್ಳೋಣ. ಅವರು ೨೦೦೬ನೆಯ ಏಪ್ರಿಲ್ ೧ಕ್ಕೆ ಮುಂಚೆ ನೇಮಕಗೊಂಡವರು. ಆದುದರಿಂದ ಹಳೆಯ ಪಿಂಚಣಿ ಪದ್ಧತಿಗೆ ಸೇರಿದವರು. ಕಡೆಯ ಮೂಲವೇತನ ೬೦,೦೦೦ ರೂಪಾಯಿ ಎಂದಿಟ್ಟುಕೊಂಡರೆ, ಪೂರ್ಣ ಅರ್ಹತಾ ಸೇವೆಗೆ ಅದರ ಅರ್ಧ, ಎಂದರೆ ೩೦,೦೦೦ ರೂಪಾಯಿ ಪಿಂಚಣಿ, ಮೇಲೆ ತುಟ್ಟಿಭತ್ಯ. ಇಷ್ಟರವರೆಗಿನ ಲೆಕ್ಕವನ್ನು ಎಲ್ಲರೂ ಬಲ್ಲರು. ಆದರೆ ಈ ಪಿಂಚಣಿಯ ಮೂರನೆಯ ಒಂದು ಪಾಲನ್ನು ಪರಿವರ್ತಿಸಿ ಇಡುಗಂಟಾಗಿ ಪಡೆಯುವ ಸೌಕರ್ಯವಿದೆ. ಹಾಗೆ ಪಡೆದರೆ ತಿಂಗಳಿಗೆ ೧೦,೦೦೦ ರೂಪಾಯಿ ಕಡಿತವಾಗುತ್ತದೆ. ಹದಿನೈದು ವರ್ಷ ಕಳೆದ ಮೇಲಷ್ಟೇ ಪೂರ್ಣ ಪಿಂಚಣಿ ಮರಳುತ್ತದೆ. ಅರವತ್ತರಲ್ಲಿ ಪಡೆದ ಹಣಕ್ಕಾಗಿ ಎಪ್ಪತ್ತೈದರವರೆಗೆ ಕೈ ಬಿಗಿಹಿಡಿಯಬೇಕೆಂದು ಅರ್ಥ. ಸಾಲ ತೀರಿಸುವುದಕ್ಕೆ ಇದನ್ನು ಪಡೆದರೆ ನನ್ನ ಆಕ್ಷೇಪವಿಲ್ಲ. ಮದುವೆಯ ಛತ್ರದ ಬಾಡಿಗೆಗೆ ಪಡೆಯುವುದನ್ನು ಮಾತ್ರ ನಾನು ಒಪ್ಪಲಾರೆ.

ಇನ್ನು, ಬಹುಮಂದಿ ಗೃಹಸ್ಥರು ಬರೆಯಲೊಲ್ಲದ ಒಂದು ಸಾಲಿದೆ: 'ನನ್ನ ತರುವಾಯ ಮನೆಗೆ ಎಷ್ಟು?' ಅಮಂಗಳವೆಂದು ಅದನ್ನು ಬಿಟ್ಟುಬಿಡುತ್ತಾರೆ. ಕುಟುಂಬ ಪಿಂಚಣಿಯ ಸಾಮಾನ್ಯ ದರ ಕಡೆಯ ವೇತನದ ನೂರಕ್ಕೆ ೩೦. ಮೇಲಿನ ಉಪಾಧ್ಯಾಯರ ಪತ್ನಿಗೆ ೧೮,೦೦೦ ರೂಪಾಯಿ ಮತ್ತು ಅದರ ಮೇಲಣ ತುಟ್ಟಿಭತ್ಯ. ಇಬ್ಬರಿದ್ದಾಗಿನ ಅಕ್ಕಿ ಬೇಳೆಯ ಖರ್ಚು ಒಬ್ಬರಿದ್ದಾಗ ಅರ್ಧವಾದೀತು. ಮನೆಯ ಕಂದಾಯ, ದೀಪದ ಖರ್ಚು, ಮನೆಗೆಲಸದಾಕೆಯ ಸಂಬಳ ಅರ್ಧವಾಗುವುದಿಲ್ಲ. ಔಷಧಿಯ ಖರ್ಚಂತೂ ಏರುತ್ತದೆ. ಆದುದರಿಂದ ಪಟ್ಟಿಯನ್ನು ಎರಡು ಸಲ ಬರೆಯಬೇಕು: ಇಬ್ಬರಿಗೊಂದು, ಒಬ್ಬರಿಗೊಂದು. ಎರಡನೆಯ ಪಟ್ಟಿಯಲ್ಲಿ ಕೊರತೆ ಕಂಡರೆ ಅದನ್ನು ತುಂಬಿಕೊಳ್ಳುವುದಕ್ಕೆ ಸೇವೆಯಲ್ಲಿರುವಾಗಲೇ ಕಾಲಾವಕಾಶ ಉಂಟು. ಎಷ್ಟೋ ಮನೆಗಳಲ್ಲಿ ಪಿಂಚಣಿಯ ಕಾಗದಗಳು ಎಲ್ಲಿವೆ, ನವೆಂಬರ್ ತಿಂಗಳಿನಲ್ಲಿ ಜೀವಿತ ಪ್ರಮಾಣಪತ್ರವನ್ನು ಯಾರಿಗೆ ಸಲ್ಲಿಸಬೇಕು ಎಂಬುದು ಗೃಹಿಣಿಗೆ ತಿಳಿದೇ ಇರುವುದಿಲ್ಲ. ಮೂವತ್ತು ವರ್ಷ ಮನೆಯ ಹಾಲು ತರಕಾರಿಗಳ ಲೆಕ್ಕವನ್ನು ಕಾಸು ಬಿಡದೆ ಇಟ್ಟವಳಿಗೆ ಈ ಲೆಕ್ಕ ಅರಿವಾಗದೆಂದು ಭಾವಿಸುವುದು ನ್ಯಾಯವಲ್ಲ.

ಮನೆಯವರ ಯೋಗಕ್ಷೇಮದ ಈ ಯೋಚನೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ೧೮೯೧ರಷ್ಟು ಹಿಂದೆಯೇ ಸರ್ಕಾರಿ ನೌಕರರಿಗೆ ಜೀವವಿಮೆಯ ಏರ್ಪಾಡಾಗಿತ್ತು. ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯು ಅದರಿಂದ ಬೆಳೆದು ಬಂದುದು.

ಕಾರ್ಖಾನೆಯ ಕೆಲಸಗಾರನ ಸ್ಥಿತಿ ಬೇರೆ. ೧೯೯೫ರ ನೌಕರರ ಪಿಂಚಣಿ ಯೋಜನೆಯಲ್ಲಿ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ ೭೦ರಿಂದ ಭಾಗಿಸುತ್ತಾರೆ. ೨೦೧೪ರಲ್ಲಿ ಗೊತ್ತುಮಾಡಿದ ೧೫,೦೦೦ ರೂಪಾಯಿಯ ಮಿತಿಯಂತೆ, ಮೂವತ್ತೈದು ವರ್ಷ ದುಡಿದವನಿಗೂ ಈ ಸೂತ್ರದಿಂದ ಬರುವುದು ತಿಂಗಳಿಗೆ ೭,೫೦೦ ರೂಪಾಯಿ. ಅದಕ್ಕೆ ತುಟ್ಟಿಭತ್ಯವಿಲ್ಲ, ಅವನ ಬಳಿಕ ಪತ್ನಿಗೆ ಅದರ ಅರ್ಧ. ಇಂಥವನಿಗೆ ನಿಜವಾದ ಆಸರೆ ಭವಿಷ್ಯನಿಧಿಯೇ. ನಡುವೆ ನಡುವೆ ಅದರಿಂದ ಹಣ ತೆಗೆಯುವವನು ತನ್ನ ಮುಪ್ಪಿನ ಅನ್ನವನ್ನು ಮುಂಗಡವಾಗಿ ಉಣ್ಣುತ್ತಾನೆ. ೨೦೦೬ರ ತರುವಾಯ ಸೇರಿ ಹೊಸ ಪಿಂಚಣಿ ಪದ್ಧತಿಗೆ ಒಳಪಟ್ಟ ಸರ್ಕಾರಿ ನೌಕರರೂ ಕೂಡಿಟ್ಟ ನಿಧಿಯನ್ನೇ ನಂಬಬೇಕಾದವರು.

ಖರ್ಚಿನ ಕಡೆ ನೋಡಿದರೆ, ಕಛೇರಿಗೆ ಓಡಾಡುವ ವೆಚ್ಚ, ಬಟ್ಟೆಬರೆಯ ವೆಚ್ಚ ಇಳಿಯುತ್ತವೆ. ಹಗಲೆಲ್ಲ ಮನೆಯಲ್ಲಿರುವವರಿಗೆ ಕಾಫಿ ಒಂದೆರಡು ಸಲ ಹೆಚ್ಚು ಬೇಕಾಗುತ್ತದೆಂಬುದನ್ನೂ ಮರೆಯಬಾರದು! ಆದರೆ ಮುಖ್ಯವಾದ ಶತ್ರು ಬೆಲೆಯೇರಿಕೆ. ೭೨ನ್ನು ವರ್ಷಕ್ಕೆ ಬೆಲೆ ಏರುವ ದರದಿಂದ ಭಾಗಿಸಿದರೆ, ಖರ್ಚು ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುವುದೆಂಬುದು ಸುಮಾರಾಗಿ ತಿಳಿಯುತ್ತದೆ. ನೂರಕ್ಕೆ ೬ರಂತೆ ಏರಿದರೆ ೧೨ ವರ್ಷ. ಅರವತ್ತರಲ್ಲಿ ೩೦,೦೦೦ ರೂಪಾಯಿಗೆ ನಡೆದ ಸಂಸಾರಕ್ಕೆ ಎಪ್ಪತ್ತೆರಡರಲ್ಲಿ ೬೦,೦೦೦, ಎಂಬತ್ತನಾಲ್ಕರಲ್ಲಿ ೧,೨೦,೦೦೦ ಬೇಕು. ಬಡ್ಡಿಯನ್ನೆಲ್ಲ ಆಯಾ ವರ್ಷವೇ ಖರ್ಚುಮಾಡುವವನಿಗೆ ಅಸಲು ಹಾಗೆಯೇ ಇದ್ದರೂ ಅದರ ಬೆಲೆ ಕರಗುತ್ತಿರುತ್ತದೆ. ಬಡ್ಡಿಯಲ್ಲಿ ಒಂದಂಶವನ್ನಾದರೂ ಅಸಲಿಗೆ ಮರಳಿಸುತ್ತಿರಬೇಕು.

ಇಡುಗಂಟು ಕೈಸೇರಿದ ವಾರದಲ್ಲಿಯೇ ಅದಕ್ಕೆ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಮಗ ನಿವೇಶನ ಕೊಳ್ಳಬೇಕೆನ್ನುತ್ತಾನೆ. ಅಳಿಯನಿಗೆ ಅಂಗಡಿ ಇಡುವ ಆಸೆ. ಇಲ್ಲವೆನ್ನಲು ತಂದೆಗೆ ಸಂಕೋಚ. ಹಣ ಬರುವ ಮೊದಲೇ ಅದರ ಹಂಚಿಕೆಯನ್ನು ಬರೆದು ಮಕ್ಕಳಿಗೆ ತೋರಿಸಿದ್ದರೆ ಸಂಕೋಚಕ್ಕೆ ಎಡೆಯಿಲ್ಲ. ಅಂಚೆ ಕಛೇರಿ ಮತ್ತು ಬ್ಯಾಂಕುಗಳಲ್ಲಿ ನಡೆಯುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇಲ್ಲಿ ನೆರವಾಗುತ್ತದೆ. ಅದರ ಠೇವಣಿಯ ಮಿತಿಯನ್ನು ೨೦೨೩ರಲ್ಲಿ ೧೫ ಲಕ್ಷದಿಂದ ೩೦ ಲಕ್ಷ ರೂಪಾಯಿಗೆ ಏರಿಸಲಾಯಿತು. ಖಾತೆ ತೆರೆದಾಗಿನ ದರವೇ ಐದು ವರ್ಷವೂ ನಿಲ್ಲುತ್ತದೆ. ಬಡ್ಡಿ ಮೂರು ತಿಂಗಳಿಗೊಮ್ಮೆ. ನೂರಕ್ಕೆ ೮.೨ರ ದರದಲ್ಲಿ ೧೦ ಲಕ್ಷಕ್ಕೆ ಪ್ರತಿಸಲ ೨೦,೫೦೦ ರೂಪಾಯಿ ಬರುತ್ತದೆ. ಎಲ್ಲ ಹಣವನ್ನೂ ಇಲ್ಲಿಯೇ ಕಟ್ಟಿಹಾಕದೆ, ಕಾಯಿಲೆ ಕಸಾಲೆಗೆಂದು ಒಂದು ವರ್ಷದ ಖರ್ಚಿನಷ್ಟನ್ನು ಬೇಕೆಂದಾಗ ಸಿಕ್ಕುವಂತೆ ಉಳಿತಾಯ ಖಾತೆಯಲ್ಲಿಡುವುದು ಲೇಸು.

ಕಡೆಯದಾಗಿ, ನಿವೃತ್ತಿಗೆ ಒಂದು ವರ್ಷವಿರುವಾಗ ಒಂದು ತಾಲೀಮು ನಡೆಸಿ ನೋಡಬೇಕು. ಆರು ತಿಂಗಳ ಕಾಲ ಮುಂದೆ ಬರಲಿರುವ ಪಿಂಚಣಿಯಷ್ಟನ್ನೇ ಮನೆಗೆ ಕೊಟ್ಟು, ಮಿಕ್ಕುದನ್ನು ಸಾಲಕ್ಕೆ ಜಮೆ ಮಾಡಬೇಕು. ಯಾವ ಬಾಬಿನಲ್ಲಿ ಅಂದಾಜು ತಪ್ಪಿತೆಂಬುದು ಮೂರನೆಯ ತಿಂಗಳಿನಲ್ಲಿಯೇ ಗೃಹಿಣಿಯ ಬಾಯಿಂದ ಕೇಳಿಬರುತ್ತದೆ. ಆಗಿನ್ನೂ ಪೂರ್ಣ ಸಂಬಳ ಬರುತ್ತಿರುವುದರಿಂದ ಪಟ್ಟಿಯನ್ನು ನಿಧಾನವಾಗಿ ತಿದ್ದಿ ಬರೆಯಬಹುದು.